ಅಳೆಯುವುದು ಮನೋಭಾವವನ್ನೋ, ಭಾಷೆಯನ್ನೋ?

ಸಾಹಿತ್ಯದ ವಿದ್ಯಾರ್ಥಿನಿಗೆ ವಿಜ್ಞಾನ ಪಾಠದ ಉಸಾಬರಿ ಯಾಕೆ ಅಂತ ನಿಮಗೆ ಅನಿಸಬಹುದು. ಪ್ರಾಥಮಿಕ ಶಾಲೆಯ ಮಕ್ಕಳಿಗೆ ಆ ಪಾಠದ ಬಗ್ಗೆ ಎಂಥ ಮನೋಭಾವ ಇದೆ ಎಂದು ಅಳೆಯುವ ಸಾಧನ ಕೊನೆಗೆ ಒಂದಷ್ಟು ವಾಕ್ಯಗಳೇ. ವಾಕ್ಯ ಇದ್ದಲ್ಲಿ ನಮಗೂ ಕೆಲಸ ಉಂಟು.

ರೆನ್ಸಿಸ್ ಲಿಕರ್ಟ್ 1932ರಲ್ಲಿ ಪ್ರಕಟಿಸಿದ ಕ್ರಮ ಇಂದಿಗೂ ಬಳಕೆಯಲ್ಲಿದೆ. ಒಂದು ಹೇಳಿಕೆ ಕೊಡುತ್ತಾರೆ; ‘ಪೂರ್ತಿ ಒಪ್ಪುತ್ತೇನೆ’ಯಿಂದ ‘ಸ್ವಲ್ಪವೂ ಒಪ್ಪುವುದಿಲ್ಲ’ದವರೆಗೆ ಐದು ಉತ್ತರ, 5ರಿಂದ 1ರವರೆಗೆ ಅಂಕ. ಮಕ್ಕಳು ಎಲ್ಲದಕ್ಕೂ ‘ಒಪ್ಪುತ್ತೇನೆ’ ಅಂದುಬಿಡುವುದುಂಟು. ಹಾಗಾಗಿ ನಡುವೆ ಕೆಲವು ನಕಾರಾತ್ಮಕ ಹೇಳಿಕೆ ಸೇರಿಸಿ, ಅವಕ್ಕೆ ಅಂಕವನ್ನು ತಿರುಗಿಸಿ ಕೊಡುತ್ತಾರೆ. ತೊಡಕು ಇರುವುದು ಇಲ್ಲೇ.

ಕಾಸರಗೋಡಿನ ಕನ್ನಡ ಮಾಧ್ಯಮದ ಮಗುವಿನ ಮನೆಮಾತು ತುಳುವೋ, ಹವ್ಯಕ ಕನ್ನಡವೋ, ಕೊಂಕಣಿಯೋ ಆಗಿರಬಹುದು. ಪೇಟೆಗೆ ಹೋದರೆ ಮಲಯಾಳ. ಪುಸ್ತಕದ ಕನ್ನಡ ಸಿಗುವುದು ಹೆಚ್ಚಾಗಿ ಶಾಲೆಯಲ್ಲೇ. ನೆರೆಮನೆಯ ಐದನೇ ತರಗತಿಯ ಹುಡುಗಿಗೆ ನಾನೇ ಬರೆದ ಹೇಳಿಕೆಯೊಂದನ್ನು ಕೊಟ್ಟೆ: ‘ವಿಜ್ಞಾನ ಪಾಠ ನೀರಸವಾಗಿದೆ.’ ಅವಳು ‘ಒಪ್ಪುತ್ತೇನೆ’ಗೆ ಗುರುತು ಹಾಕಿದಳು. ಅಂಕ ತಿರುಗಿಸಿದರೆ 2. ಯಾಕೆಂದು ಕೇಳಿದೆ. “ನೀರು ಉಂಟು, ರಸ ಉಂಟು, ಒಳ್ಳೇದೇ ಅಲ್ವಾ ಅಕ್ಕ?” ಅಂದಳು. ‘ಬೋರ್ ಆಗ್ತದೆ’ ಎಂದು ಬದಲಿಸಿ ಕೇಳಿದರೆ, “ಇಲ್ಲಪ್ಪ! ಬೀಜ ಮೊಳಕೆ ಬರಿಸಿದ್ದು ಭಾರೀ ಲಾಯ್ಕಿತ್ತು” ಅಂತ ‘ಒಪ್ಪುವುದಿಲ್ಲ’ಕ್ಕೆ ಹಾಕಿದಳು. ಈಗ 4. ಮಗು ಅದೇ, ಪಾಠವೂ ಅದೇ. ಬದಲಾದದ್ದು ನನ್ನ ಒಂದು ಶಬ್ದ.

ಮಾತಿನ ಗೊಡವೆಯೇ ಬೇಡವೆಂದು ಚಿತ್ರ ಬರೆಸುವ ದಾರಿಯೂ ಇದೆ. ಡೇವಿಡ್ ವೇಡ್ ಚೇಂಬರ್ಸ್ 1983ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 4,807 ಮಕ್ಕಳು ವಿಜ್ಞಾನಿಯ ಚಿತ್ರ ಬರೆದಿದ್ದರು. ಮಹಿಳಾ ವಿಜ್ಞಾನಿಯನ್ನು ಬರೆದವರು 28 ಮಂದಿ, ಎಲ್ಲರೂ ಹುಡುಗಿಯರೇ. ಆದರೆ ಅದು ತಿಳಿಸುವುದು ವಿಜ್ಞಾನಿಯ ಬಗೆಗಿನ ಕಲ್ಪನೆಯನ್ನು. ನಾಳೆಯ ಪಾಠಕ್ಕೆ ಮಗು ಕಾಯುತ್ತದೋ ಇಲ್ಲವೋ ಎಂಬುದು ಬೇರೆ ಪ್ರಶ್ನೆ.

ಒಬ್ಬಳ ಉತ್ತರದಿಂದ ಏನೂ ಸಾಬೀತಾಗುವುದಿಲ್ಲ, ನಿಜ. ಆದರೆ ಇಂಥ 2ಗಳನ್ನು ಕೂಡಿಸಿ ‘ಕನ್ನಡ ಮಾಧ್ಯಮದ ಮಕ್ಕಳಿಗೆ ವಿಜ್ಞಾನದಲ್ಲಿ ಆಸಕ್ತಿ ಕಡಿಮೆ’ ಎಂದು ಯಾರಾದರೂ ಬರೆದರೆ, ಮಗುವನ್ನು ಯಾವ ಶಾಲೆಗೆ ಸೇರಿಸುವುದೆಂದು ಯೋಚಿಸುವ ಹೆತ್ತವರಿಗೆ ಅಷ್ಟೇ ಸಾಕು. ಹಾಗಾಗಿ ನನ್ನ ಸಲಹೆ ಇಷ್ಟೇ: ಪ್ರಶ್ನಾವಳಿ ಹಂಚುವ ಮೊದಲು ನಾಲ್ಕೈದು ಮಕ್ಕಳಿಂದ ಪ್ರತಿ ಹೇಳಿಕೆಯನ್ನೂ ಓದಿಸಿ, ‘ಇದರ ಅರ್ಥ ಎಂತ?’ ಎಂದು ಅವರ ಮಾತಲ್ಲೇ ಹೇಳಿಸೋಣ. ಅಂಕ ಕೂಡಿಸುವುದು ಆಮೇಲೆ.