ಹಳೆಯ ಓಮ್ನಿಗೆ ನಡುಕವೇಕೆ?

ಪ್ರಶ್ನೆ: ಸುರಪುರ, ಶಹಾಪುರ, ಯಾದಗಿರಿ ನಡುವೆ ಓಡಿಸುವ ನಮ್ಮ ಹಳೆಯ ಓಮ್ನಿ ನಿಂತಲ್ಲೇ ಗಡಗಡ ನಡುಗುತ್ತದೆ, ಪೆಟ್ರೋಲೂ ಜಾಸ್ತಿ ಕುಡಿಯುತ್ತದೆ. ಎಂಜಿನ್ ಬಿಚ್ಚಿಸಬೇಕೆ?

ಉತ್ತರ: ಅವಸರ ಬೇಡ. ಓಮ್ನಿಯ 796 ಸಿಸಿ ಎಂಜಿನ್ನಿಗೆ ಇರುವುದು ಮೂರೇ ಸಿಲಿಂಡರ್. ಒಂದು ಕೈಕೊಟ್ಟರೂ ಗಾಡಿ ನಡುಗುತ್ತದೆ. ಎಂಜಿನ್ ಆರಿದ ಮೇಲೆ ಮುಂದಿನ ಸೀಟು ಎತ್ತಿಸಿ, ಮೂರೂ ಸ್ಪಾರ್ಕ್ ಪ್ಲಗ್ ಬಿಚ್ಚಿಸಿ, ಅದೇ ಕ್ರಮದಲ್ಲಿ ಸಾಲಾಗಿ ಇಟ್ಟು ನೋಡಿ. ತುದಿ ತಿಳಿಗಂದು ಬಣ್ಣಕ್ಕಿದ್ದರೆ ಸರಿ. ಒಣ ಕಪ್ಪು ಮಸಿ ಕಟ್ಟಿದ್ದರೆ ಪೆಟ್ರೋಲು ಹೆಚ್ಚು, ಗಾಳಿ ಕಡಿಮೆ. ಎಣ್ಣೆಜಿಡ್ಡು ಇದ್ದರೆ ಮಾತ್ರ ಪಿಸ್ಟನ್ ರಿಂಗು, ವಾಲ್ವ್ ಸೀಲುಗಳ ಚಿಂತೆ ಮಾಡಬೇಕು. ಒಂದೇ ಪ್ಲಗ್ ಬೇರೆಯಾಗಿ ಕಂಡರೆ ಮೊದಲು ಆ ಪ್ಲಗ್, ಅದರ ವೈರ್ ಬದಲಿಸಿ.

ಮೂರೂ ಕಪ್ಪಗಿದ್ದರೆ ಏರ್ ಫಿಲ್ಟರ್ ತೆಗೆದು ನೋಡಿ. ನಿಮ್ಮ ಎರೆಹೊಲದ ಧೂಳಿಗೆ ಅದು ಬೇಗ ಕಟ್ಟುತ್ತದೆ. ಕಾರ್ಬುರೇಟರ್ ಗಾಡಿಯಾದರೆ ಚೋಕ್ ಪೂರ್ತಿ ಬಿಡುತ್ತಿದೆಯೇ ಗಮನಿಸಿ.

ಬಿಸಿಲಿಗೆ ಹೆದರಿ ಕೆಲವರು ಥರ್ಮೋಸ್ಟಾಟ್ ತೆಗೆಸಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಎಂಜಿನ್ ಸರಿಯಾಗಿ ಕಾಯದೆ, ಎಂಪಿಎಫ್‌ಐ (ಕಾರ್ಬುರೇಟರ್ ಬದಲು ಇಂಜೆಕ್ಷನ್ ಇರುವ) ಗಾಡಿಯ ಕಂಪ್ಯೂಟರ್ ಇನ್ನೂ ತಣ್ಣಗಿದೆಯೆಂದು ಲೆಕ್ಕ ಹಾಕಿ ಪೆಟ್ರೋಲು ಜಾಸ್ತಿ ಬಿಡುತ್ತದೆ. ಮೊದಲೇ ತೆಗೆಸಿದ್ದರೆ ಹೊಸದು ಹಾಕಿಸಿ. ಓಡಿಸಿ ನಿಲ್ಲಿಸಿದಾಗ ಒಂದು ಚಕ್ರ ಮಾತ್ರ ಸುಡುತ್ತಿದ್ದರೆ ಬ್ರೇಕ್ ಹಿಡಿದಿದೆ, ಅದಕ್ಕೂ ಪೆಟ್ರೋಲು ಜಾಸ್ತಿ ಹೋಗುತ್ತದೆ, ಅದನ್ನೂ ಬಿಡಿಸಿಕೊಳ್ಳಿ.