ಗದುಗಿನ ಅಂಧ ಮಕ್ಕಳು ಗೆದ್ದ ವೇದಿಕೆ

ಗದುಗಿನ ವೀರೇಶ್ವರ ಪುಣ್ಯಾಶ್ರಮವೆಂದರೆ ನಮಗೆ ಮೊದಲು ನೆನಪಾಗುವುದು ಸಂಗೀತ. ಆದರೆ ಅಲ್ಲಿ ಕಲಿತ ಅಂಧರು ಗಾಯಕರಷ್ಟೇ ಆಗಲಿಲ್ಲ. ಕೀರ್ತನಕಾರರಾದರು, ಪ್ರವಚನಕಾರರಾದರು, ನಾಟಕದ ನಟರಾದರು. ಕಣ್ಣಿಲ್ಲದ, ಕೈಯಲ್ಲಿ ಕಾಸೂ ಇಲ್ಲದ ಮಕ್ಕಳಿಗೆ ತುಂಬಿದ ಸಭೆಯೆದುರು ಮಾತಾಡುವ ವಿದ್ಯೆಯನ್ನು ಆಶ್ರಮ ಕೊಟ್ಟಿತು. ಅದರ ಈ ಕೆಲಸಕ್ಕೆ ಸಲ್ಲಬೇಕಾದಷ್ಟು ಮನ್ನಣೆ ಸಂದಿಲ್ಲ.

ಹುಟ್ಟು ಅಂಧರಾದ ಪಂಚಾಕ್ಷರಿ ಗವಾಯಿಗಳು (1892–1944) ಹಾನಗಲ್ಲ ಕುಮಾರಸ್ವಾಮಿಗಳ ಆಶ್ರಯದಲ್ಲಿ ಬೆಳೆದವರು. ಶಿಷ್ಯರನ್ನು ಕಟ್ಟಿಕೊಂಡು ಊರೂರು ಅಲೆದು ಕೊನೆಗೆ ಗದುಗಿನಲ್ಲಿ ನೆಲೆನಿಂತರು. ಜಾತಿ ಕೇಳದೆ ಊಟ, ವಸತಿ, ವಿದ್ಯೆ. ಖರ್ಚು ತೂಗಿಸಲು ನಾಟಕ ಕಂಪನಿ. ಅವರ ನಂತರ 2010ರವರೆಗೆ ಆಶ್ರಮ ನಡೆಸಿದ ಪುಟ್ಟರಾಜ ಗವಾಯಿಗಳೂ ಅಂಧರೇ. ಕನ್ನಡ, ಹಿಂದಿ, ಸಂಸ್ಕೃತ ಮೂರರಲ್ಲೂ ಬರೆದರು, ನಾಟಕ ಕಟ್ಟಿದರು. ಭಕ್ತರು ಮಾಡಿದ ತುಲಾಭಾರದ ಹಣ ಮಕ್ಕಳ ಅನ್ನಕ್ಕೆ ಸಂದಿತು.

ಕೀರ್ತನಕಾರ ಪದ್ಯ ಹಾಡಿ, ಅರ್ಥ ಬಿಡಿಸಿ, ಉಪಕಥೆ ಹೇಳಿ, ಮತ್ತೆ ಮೂಲ ಕಥೆಗೆ ಮರಳಬೇಕು. ಚೀಟಿ ನೋಡಿ ಹೇಳುವ ಕಲೆ ಅದಲ್ಲ. ಸಭೆಯ ನಗು, ಗುಸುಗುಸು, ಕೆಮ್ಮು ಕೇಳಿಯೇ ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂದು ತಿಳಿಯಬೇಕು. ಚರ್ಚಾಸ್ಪರ್ಧೆಗೆ ಬೇಕಾದದ್ದೂ ಇದೇ ಕಿವಿ. ಎದುರಾಳಿಯ ಮಾತನ್ನು ಪೂರ್ತಿ ಕೇಳಿಸಿಕೊಂಡವರೇ ಉತ್ತರ ಕೊಡಬಲ್ಲರು. ಅಂಧರಾಗಿದ್ದ ಸಾಧನ್ ಗುಪ್ತ 1953ರಲ್ಲೇ ಕಲ್ಕತ್ತದಿಂದ ಗೆದ್ದು ಲೋಕಸಭೆಯ ಚರ್ಚೆಗೆ ಇಳಿದಿದ್ದರು.

ಇಷ್ಟಿದ್ದೂ ಶಾಲಾ ಕಾಲೇಜುಗಳ ಸ್ಪರ್ಧೆಗಳು ಕಣ್ಣಿದ್ದವರಿಗೆಂದೇ ರೂಪುಗೊಂಡಿವೆ. ವಿಷಯ ಚೀಟಿಯಲ್ಲಿ ಬರುತ್ತದೆ, ಸಮಯದ ಎಚ್ಚರಿಕೆ ಫಲಕದಲ್ಲಿ, ಆಕ್ಷೇಪ ಎತ್ತಿದ ಕೈಯಲ್ಲಿ. ಮರಾಠಿಯ ‘ಲೋಕಸತ್ತಾ’ ಪತ್ರಿಕೆ ನಡೆಸಿಕೊಂಡು ಬಂದ ‘ವಕ್ತಾ ದಶಸಹಸ್ರೇಷು’ ಭಾಷಣಸ್ಪರ್ಧೆಗೆ ನಾಸಿಕ್, ಔರಂಗಾಬಾದ್ (ಇಂದಿನ ಛತ್ರಪತಿ ಸಂಭಾಜಿನಗರ) ವಿಭಾಗಗಳಲ್ಲೂ ಸುತ್ತುಗಳು ನಡೆದಿವೆ. ಅಂಥ ಊರುಗಳಿರಲಿ, ನಮ್ಮ ಧಾರವಾಡವಿರಲಿ, ಮಾಡಬೇಕಾದ ಬದಲಾವಣೆ ದುಬಾರಿಯಲ್ಲ. ವಿಷಯವನ್ನು ಎರಡು ಸಲ ಗಟ್ಟಿಯಾಗಿ ಓದಬೇಕು. ಸಮಯಕ್ಕೆ ಗಂಟೆ ಬಾರಿಸಬೇಕು. ಆಕ್ಷೇಪಿಸುವವರು ಮೊದಲು ತಮ್ಮ ಹೆಸರು ಹೇಳಬೇಕು. ಬ್ರೈಲ್ ಸ್ಲೇಟಿನಲ್ಲಿ ಬಲದಿಂದ ಎಡಕ್ಕೆ ಚುಚ್ಚಿ ಬರೆದು, ಹಾಳೆ ಮಗುಚಿ ಎಡದಿಂದ ಓದಬೇಕಾಗುತ್ತದೆ. ಟಿಪ್ಪಣಿಗೆ ಅಷ್ಟು ಹೊತ್ತು ಹೆಚ್ಚು ಕೊಡಲೇಬೇಕು. ತೀರ್ಪುಗಾರರ ಅಂಕಪಟ್ಟಿಯಲ್ಲಿ ‘ಕಣ್ಣೋಟ’ಕ್ಕೆಂದು ಇಟ್ಟ ಅಂಕ ಹೋಗಬೇಕು.

ಬಡ ಮಕ್ಕಳ ಅಡ್ಡಿ ಬೇರೆ: ಪ್ರಯಾಣದ ಖರ್ಚು, ಆಡುಮಾತಿನ ಬಗ್ಗೆ ತೀರ್ಪುಗಾರರ ತಾತ್ಸಾರ. ಮೊದಲಿನದಕ್ಕೆ ಸಂಘಟಕರು ಬಸ್ ಚಾರ್ಜು ಕೊಡಲಿ. ಎರಡನೆಯದನ್ನು ತೀರ್ಪುಗಾರರು ಮನೆಯಲ್ಲೇ ಬಿಟ್ಟು ಬರಲಿ.

ಶಿಕ್ಷಕರೇ, ಈ ವರ್ಷ ಸ್ಪರ್ಧೆಯ ಆಹ್ವಾನಪತ್ರ ಕಳಿಸುವಾಗ ನಿಮ್ಮ ಜಿಲ್ಲೆಯ ಅಂಧ ಮಕ್ಕಳ ಶಾಲೆಗೂ ಒಂದು ಪ್ರತಿ ಕಳಿಸಿ.