ಮುಚ್ಚಳ ಬಿಟ್ಟು ಹೋಗದ ತಿರುಪು

ಕಳೆದ ಸುಗ್ಗಿಯಲ್ಲಿ ನಮ್ಮ ಹೋಬಳಿಯ ಒಂದು ಕಣಕ್ಕೆ ಹೋಗಿದ್ದೆ. ರಾಗಿ ಒಕ್ಕಣೆ ಭರದಿಂದ ಸಾಗಿತ್ತು. ಯಂತ್ರದ ಬೆಲ್ಟು, ಪುಲ್ಲಿ ಬರಿಮೈಯಲ್ಲಿ ತಿರುಗುತ್ತಿದ್ದವು. ಅವುಗಳ ಮೇಲಿರಬೇಕಾದ ತಗಡಿನ ಮುಚ್ಚಳ ಬೇಲಿಗೆ ಒರಗಿತ್ತು. ಕಾರಣ ಕೇಳಿದೆ. "ಬೆಲ್ಟು ಬಿಗಿ ಮಾಡೋಕೆ ಬಿಚ್ಚಿದ್ದೆ ಸಾರ್. ಆರು ತಿರುಪಲ್ಲಿ ನಾಕು ಹುಲ್ಲೊಳಗೆ ಬಿದ್ದೋದ್ವು. ಪೇಟೆಗೆ ಹೋದಾಗ ತಂದು ಹಾಕೋಣ ಅಂತ ಹಂಗೇ ಬಿಟ್ಟೆ" ಎಂದರು ಯಜಮಾನರು. ಮಾತು ಮುಗಿಯುವಷ್ಟರಲ್ಲಿ ತೆನೆ ಒಡ್ಡುತ್ತಿದ್ದ ಹೆಣ್ಣುಮಗಳ ಸೆರಗು ಬೆಲ್ಟಿಗೆ ಸಿಕ್ಕಿತು. ಪುಣ್ಯಕ್ಕೆ ಹಳೆಯ ಸೀರೆ, ಹರಿದು ಬಂತು. ಹೊಸ ಸೀರೆಯಾಗಿದ್ದರೆ?

ಆ ಯಜಮಾನರನ್ನು ಅಜಾಗರೂಕರೆಂದು ಬೈದು ಪ್ರಯೋಜನವಿಲ್ಲ. ಸುಗ್ಗಿಯ ಅವಸರದಲ್ಲಿ ಹುಲ್ಲಿನ ರಾಶಿಯೊಳಗೆ ಬಿದ್ದ ಸಣ್ಣ ತಿರುಪನ್ನು ಹುಡುಕುವವರು ಯಾರು? ತಿರುಪು ಬೀಳದಂತೆಯೇ ಮಾಡುವುದು ಸರಿಯಾದ ದಾರಿ.

ಬಿದ್ದ ತಿರುಪಿನಿಂದ ಮೂರು ಕೇಡು

ಮೊದಲನೆಯದು, ಮುಚ್ಚಳ ಮತ್ತೆ ಯಂತ್ರಕ್ಕೆ ಏರುವುದಿಲ್ಲ. ಟ್ರ್ಯಾಕ್ಟರಿನ ಪಿ.ಟಿ.ಓ. ದಂಡ ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ 9 ಸುತ್ತು ತಿರುಗುತ್ತದೆ. ಬಟ್ಟೆ ಸಿಕ್ಕಿದ ಮೇಲೆ ಎಳೆದುಕೊಳ್ಳಲು ಸಮಯವೇ ಇರುವುದಿಲ್ಲ.

ಎರಡನೆಯದು, ಮೇವು ಕತ್ತರಿಸುವ ಯಂತ್ರದ ತಿರುಪು ಮೇವಿನೊಡನೆ ದನದ ಹೊಟ್ಟೆ ಸೇರುತ್ತದೆ. ದನ ಮೇವನ್ನು ನುರಿಸದೆ ನುಂಗುವ ಪ್ರಾಣಿ. ಕಬ್ಬಿಣದ ಚೂರು ಅದರ ಎರಡನೇ ಹೊಟ್ಟೆಯಲ್ಲಿ ತಂಗುತ್ತದೆ. ಮೊನಚಾಗಿದ್ದರೆ ಅಲ್ಲಿಂದ ಚುಚ್ಚಿಕೊಂಡು ಹೃದಯದವರೆಗೂ ಹೋಗಬಲ್ಲದು.

ಮೂರನೆಯದು, ಪಂಪಿನ ಸ್ಟಾರ್ಟರ್ ಪೆಟ್ಟಿಗೆ. ಅದರೊಳಗೆ 415 ವೋಲ್ಟಿನ ಮೂರು ಫೇಸ್ ವಿದ್ಯುತ್ ಇರುತ್ತದೆ. ಒಳಗೆ ಬಿದ್ದ ತಿರುಪು ಎರಡು ಫೇಸ್‌ಗಳ ನಡುವೆ ಕುಳಿತರೆ ಶಾರ್ಟ್ ಆಗಿ ಬೆಂಕಿ ಹತ್ತುತ್ತದೆ.

ಕಾನೂನು ಏನು ಹೇಳುತ್ತದೆ?

ಒಕ್ಕಣೆ ಯಂತ್ರಗಳಿಗೆ ಕೈ ಸಿಕ್ಕುವ ಅವಘಡಗಳನ್ನು ತಡೆಯಲು ನಮ್ಮ ದೇಶದಲ್ಲಿ 1983ರಲ್ಲೇ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯಿದೆ ಬಂತು. ಯುರೋಪಿನ ಒಕ್ಕೂಟ 2006ರಲ್ಲಿ ಹೊರಡಿಸಿ 2009ರ ಡಿಸೆಂಬರ್ 29ರಿಂದ ಜಾರಿಗೆ ತಂದ ಯಂತ್ರ ನಿಯಮದಲ್ಲಿ ಇನ್ನೊಂದು ಹೆಜ್ಜೆ ಇಟ್ಟರು. ಕಾಯಂ ಮುಚ್ಚಳವನ್ನು ಬಿಚ್ಚಿದಾಗ ಅದರ ತಿರುಪುಗಳು ಮುಚ್ಚಳಕ್ಕೋ ಯಂತ್ರಕ್ಕೋ ಅಂಟಿಕೊಂಡೇ ಇರಬೇಕು. ಸಾಧ್ಯವಾದಲ್ಲಿ, ತಿರುಪು ಹಾಕದೆ ಮುಚ್ಚಳ ತನ್ನ ಜಾಗದಲ್ಲಿ ನಿಲ್ಲಲೂ ಬಾರದು. ಸುಮ್ಮನೆ ಆನಿಸಿಟ್ಟ ಮುಚ್ಚಳ ಭದ್ರವಾಗಿದೆಯೆಂಬ ಭ್ರಮೆ ಹುಟ್ಟಿಸುತ್ತದೆ, ಅದಕ್ಕೇ ಈ ಎರಡನೇ ಮಾತು.

ಮಾಡುವ ಬಗೆ

ಇದರ ಗುಟ್ಟು ಸರಳ. ತಿರುಪಿನ ತಲೆಯ ಕೆಳಗೆ ಕತ್ತನ್ನು ಸಣ್ಣ ಮಾಡಿ, ತುದಿಯಲ್ಲಿ ಮಾತ್ರ ಥ್ರೆಡ್ಡು ಉಳಿಸಬೇಕು. ಕತ್ತು ತಗಡಿನ ತೂತಿನಲ್ಲಿ ಸಡಿಲವಾಗಿ ಆಡುತ್ತದೆ. ದಪ್ಪ ತುದಿ ಹಿಂದಕ್ಕೆ ಜಾರಿ ಬರುವುದಿಲ್ಲ.

6 ಮಿ.ಮೀ. ತಿರುಪು, 2 ಮಿ.ಮೀ. ತಗಡು, 5 ಮಿ.ಮೀ. ದಪ್ಪದ ಆಂಗಲ್ ಪಟ್ಟಿ ಇದೆಯೆಂದು ಇಟ್ಟುಕೊಳ್ಳೋಣ. ಪಟ್ಟಿಗೆ 7 ಮಿ.ಮೀ. ತೂತು ಕೊರೆದು, ಅದರ ಹಿಂಬದಿಗೆ 5 ಮಿ.ಮೀ. ದಪ್ಪದ ನಟ್ಟನ್ನು ವೆಲ್ಡಿಂಗ್ ಮಾಡಿಸಿ. ನಟ್ಟು ಕಳೆಯುವ ಚಿಂತೆ ಅಲ್ಲಿಗೆ ಮುಗಿಯಿತು. ತಗಡಿಗೆ 5 ಮಿ.ಮೀ. ತೂತು ಕೊರೆದು 6 ಮಿ.ಮೀ. ಟ್ಯಾಪು ಹೊಡೆಸಿ. ತಿರುಪು ತಲೆಯ ಕೆಳಗೆ 12 ಮಿ.ಮೀ. ಉದ್ದವಿರಲಿ. ಅದರಲ್ಲಿ ಮೇಲಿನ 7.5 ಮಿ.ಮೀ. ಕತ್ತನ್ನು ಲೇಥಿನಲ್ಲಿ 4.5 ಮಿ.ಮೀ. ಗಾತ್ರಕ್ಕೆ ಇಳಿಸಿ, ಕೆಳಗಿನ 4.5 ಮಿ.ಮೀ. ಥ್ರೆಡ್ಡು ಉಳಿಸಿ. ಇಂಥ ತಿರುಪನ್ನು ತಗಡಿನೊಳಗೆ ತಿರುಗಿಸಿ ದಾಟಿಸಿದರೆ ಅದು ಅಲ್ಲೇ ಸೆರೆಯಾಗುತ್ತದೆ.

ಕತ್ತಿನ ಉದ್ದದ ಲೆಕ್ಕವನ್ನು ಮರೆಯಬಾರದು. ತಗಡಿನ ದಪ್ಪಕ್ಕೆ ಪಟ್ಟಿಯ ದಪ್ಪ ಕೂಡಿಸಿ, ಮೇಲೆ ಅರ್ಧ ಮಿ.ಮೀ. ಸೇರಿಸಬೇಕು. ಥ್ರೆಡ್ಡಿನ ಉದ್ದ ಪಟ್ಟಿಯ ದಪ್ಪಕ್ಕಿಂತ ತುಸು ಕಡಿಮೆಯಿರಬೇಕು. ಆಗ ಬಿಚ್ಚಿದ ತುದಿ ಪಟ್ಟಿಯ ತೂತಿನೊಳಗೆ ಹಿಂದೆ ಸರಿದು ನಟ್ಟಿನಿಂದ ಪೂರ್ತಿ ಬಿಡುತ್ತದೆ. ಕತ್ತು ಗಿಡ್ಡವಾದರೆ ತಿರುಪು ನಟ್ಟಿನಿಂದ ಬಿಡುವ ಮೊದಲೇ ತಗಡನ್ನು ಎತ್ತಿ ಬಗ್ಗಿಸುತ್ತದೆ. ನಟ್ಟಿನಿಂದ ಬಿಟ್ಟ ಕೂಡಲೇ ತಿರುಗಿಸುವುದನ್ನು ನಿಲ್ಲಿಸಿ. ಮತ್ತೆ ಎಳೆಯುತ್ತ ತಿರುಗಿಸಿದರೆ ಅದು ತಗಡಿನ ಥ್ರೆಡ್ಡು ಹಿಡಿದು ಹೊರಬಂದೀತು.

ಲೇಥು ಹತ್ತಿರವಿಲ್ಲದಿದ್ದರೆ

ಹಳೆಯ ಸೈಕಲ್ ಟ್ಯೂಬಿನಿಂದ ಸಣ್ಣ ಬಿಲ್ಲೆ ಕತ್ತರಿಸಿ. ನಡುವೆ ತಿರುಪಿಗಿಂತ ಸಣ್ಣ ತೂತು ಮಾಡಿ. ತಿರುಪನ್ನು ತಗಡಿಗೆ ತೂರಿಸಿ, ಹಿಂಬದಿಯಿಂದ ಬಿಲ್ಲೆಯನ್ನು ಬಿಗಿಯಾಗಿ ಏರಿಸಿ. ಇಲ್ಲಿಯೂ ನಟ್ಟು ಪಟ್ಟಿಯ ಹಿಂದೆಯೇ ಇರಲಿ. ಬಿಸಿಲಿಗೆ, ಎಣ್ಣೆಗೆ ರಬ್ಬರು ಸೀಳುವುದರಿಂದ ಪ್ರತಿ ಸುಗ್ಗಿಗೆ ಮೊದಲು ಹೊಸದು ಹಾಕಿ. ಮುಚ್ಚಳವನ್ನೂ ಒಂದು ಗಿಡ್ಡ ಸರಪಳಿಯಿಂದ ಯಂತ್ರಕ್ಕೆ ಕಟ್ಟಿದರೆ ಅದು ಬೇಲಿ ಸೇರುವುದಿಲ್ಲ. ಆದರೆ ಸರಪಳಿ ಬೆಲ್ಟಿಗೆ ಎಟುಕುವಷ್ಟು ಉದ್ದವಿರಕೂಡದು.

ಎಚ್ಚರಿಕೆಯ ಮಾತು

ಕತ್ತು ಸಣ್ಣ ಮಾಡಿದ ತಿರುಪಿಗೆ ಬಲ ಕಡಿಮೆ. ಅದನ್ನು ಮುಚ್ಚಳಕ್ಕೆ ಮಾತ್ರ ಬಳಸಿ. ಮೇವಿನ ಕತ್ತಿ, ಪುಲ್ಲಿ, ಮೋಟಾರಿನ ಬುಡಕ್ಕೆ ಖಂಡಿತ ಹಾಕಬೇಡಿ. ತಿರುಪಿನ ತಲೆ ಪಾನಾ ಹಾಕಿಯೇ ಬಿಚ್ಚುವಂತಿರಲಿ, ಮಕ್ಕಳ ಕೈಗೆ ಸುಲಭವಾಗಿ ಬಿಚ್ಚಬಾರದು. ಮುಚ್ಚಳ ತೆಗೆಯುವ ಮುನ್ನ ಮೇನ್ ಸ್ವಿಚ್ಚು ಆರಿಸಿ, ಫ್ಯೂಸು ಕಿತ್ತು ಜೇಬಿನಲ್ಲಿಟ್ಟುಕೊಳ್ಳಿ. ಟ್ರ್ಯಾಕ್ಟರಾದರೆ ಎಂಜಿನ್ ನಿಲ್ಲಿಸಿ ಕೀಲಿ ತೆಗೆಯಿರಿ.

ಆ ಕಣದ ಯಜಮಾನರು ಮರುವಾರವೇ ವೆಲ್ಡಿಂಗ್ ಅಂಗಡಿಗೆ ಹೋಗಿ ಆರೂ ತಿರುಪು ಮಾಡಿಸಿದರು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆ ಅವರ ಪಾಲಿಗೆ ನಿಜವಾಗಲಿಲ್ಲ. ರೈತ ಬಾಂಧವರು ಈ ಹೊತ್ತೇ ತಮ್ಮ ಯಂತ್ರದ ಬಳಿ ಹೋಗಿ ಮುಚ್ಚಳದ ತಿರುಪುಗಳನ್ನು ಒಮ್ಮೆ ಎಣಿಸಿ ನೋಡಲಿ.